ಐಕ್ಯ ಮೊದಲೋ, ಕೊನೆಯೋ?

ನಮ್ಮ ಉಪ್ಪಿನಬೆಟಗೇರಿಯಲ್ಲಿ ‘ಐಕ್ಯ’ ಎಂಬ ಮಾತು ಕಿವಿಗೆ ಬಿದ್ದರೆ ಯಾರೋ ತೀರಿಕೊಂಡರು ಎಂದೇ ಅರ್ಥ. ‘ಲಿಂಗೈಕ್ಯರಾದರು’ ಎಂದು ಸುದ್ದಿ ಬಂದ ಮೇಲೆ ಉಳಿಯುವುದು ಮಣ್ಣು ಕೊಡುವ ಕೆಲಸ. ಪೌಲನ ಪತ್ರಗಳನ್ನು ಕನ್ನಡದಲ್ಲಿ ಓದುವಾಗಲೂ ನನಗಿದ್ದದ್ದು ಇದೇ ಕಿವಿ. ಅಲ್ಲಿ ಮತ್ತೆ ಮತ್ತೆ ಬರುವ ‘ಕ್ರಿಸ್ತನಲ್ಲಿ’ ಎಂಬ ಪದ ನನ್ನನ್ನು ಬಹಳ ದಿನ ಕಾಡಿತು.

ಬಾಸೆಲ್ ಮಿಶನ್ನಿನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ. ಅದಕ್ಕೂ ಮೊದಲೇ, 1831ರಲ್ಲಿ, ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಶ್ರಮದಿಂದ ಇಡೀ ಬೈಬಲ್ ಕನ್ನಡಕ್ಕೆ ಬಂದಿತ್ತು. ಗ್ರೀಕಿನ ‘ಎನ್ ಕ್ರಿಸ್ತೋ’ಗೆ ನಮ್ಮ ಸಪ್ತಮಿ ವಿಭಕ್ತಿ ವ್ಯಾಕರಣದ ಲೆಕ್ಕದಲ್ಲಿ ಸರಿಯಾದ ಜೋಡಿ. ಆದರೆ ‘ದೇವರಲ್ಲಿ ನಂಬಿಕೆ’, ‘ಹಿರಿಯರಲ್ಲಿ ಗೌರವ’ ಎಂದು ಬಳಸಿ ಬಳಸಿ ಸವೆದ ‘ಅಲ್ಲಿ’ ಇದು. ಓದುವವನಿಗೆ ಪೌಲ ಮನಸ್ಸಿನ ಒಂದು ಭಾವದ ಬಗ್ಗೆ ಹೇಳುತ್ತಿದ್ದಾನೆ ಅನ್ನಿಸುತ್ತದೆ. ಅವನು ಹೇಳುತ್ತಿರುವುದು ನಾವು ಎಲ್ಲಿದ್ದೇವೆ ಎಂಬುದನ್ನು. ನಮ್ಮ ಕಡೆಯ ಆಡುಮಾತಿನ ‘ಕ್ರಿಸ್ತನೊಳಗ’ ಎಂಬುದೇ ಮೂಲಕ್ಕೆ ಹೆಚ್ಚು ಹತ್ತಿರ.

ಹಾಗಾದರೆ ‘ಐಕ್ಯ’ ಎನ್ನಬಹುದೆ? ಅದು ಶರಣರ ಮಾತು, ನಮಗೆ ಬೇಡ ಎಂದು ಕ್ರೈಸ್ತ ಓದುಗ ಅಳುಕುವುದು ಸಹಜ. ಷಟ್‌ಸ್ಥಲದಲ್ಲಿ ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ ಆದ ಮೇಲೆ ಆರನೆಯದು ಐಕ್ಯ. ಪೌಲನಲ್ಲಿ ಅದು ಮೊದಲ ಮೆಟ್ಟಿಲು. ನಡೆನುಡಿ ಶುದ್ಧವಾದವನಿಗೆ ಸಿಗುವ ಫಲವಲ್ಲ, ಏನೂ ಆಗಿಲ್ಲದವನಿಗೆ ಕೃಪೆಯಿಂದ ಸಿಗುವ ಬೇರು.

ಭೇದ ಇಷ್ಟೇ ಎಂದು ನಿಲ್ಲಿಸಿದರೆ ಶರಣರಿಗೆ ಅನ್ಯಾಯ. ಲಿಂಗದೀಕ್ಷೆಯಲ್ಲೂ ಲಿಂಗ ಅಂಗೈಗೆ ಬರುವುದು ಮೊದಲು, ಅದೂ ಗುರುಕಾರುಣ್ಯದಿಂದ, ಸಾಧನೆ ಆಮೇಲಿನದು. ನಿಜವಾದ ಭೇದ ಕೂಡುವ ಬಗೆಯಲ್ಲಿದೆ. ಲಿಂಗಾಂಗ ಸಾಮರಸ್ಯ ಎನ್ನುವಾಗ ಮನಸ್ಸಿಗೆ ಬರುವುದು ಉರಿ ಸೇರಿದ ಕರ್ಪೂರ, ಆಮೇಲೆ ಎರಡೆಂಬುದಿಲ್ಲ. ಪೌಲ ರೋಮಾಪುರದವರಿಗೆ ಬರೆದ ಪತ್ರದ 6ನೆಯ ಅಧ್ಯಾಯದಲ್ಲಿ ಬಳಸುವ ಗ್ರೀಕ್ ಪದ ‘ಸುಂಫುತೋಯ್’, ಎಂದರೆ ಕೂಡಿ ಬೆಳೆದವರು. ಧಾರವಾಡದ ಮಾವಿನ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಸಿ ಕಟ್ಟಿದ ಆಪೂಸಿನ ಟೊಂಗೆ ತನ್ನದಲ್ಲದ ಬೇರಿನಿಂದ ಬದುಕುತ್ತದೆ, ಆದರೂ ಟೊಂಗೆಯಾಗಿಯೇ ಉಳಿಯುತ್ತದೆ. ಹೋಲಿಕೆ ಒಂದು ಕಡೆ ಕುಂಟುತ್ತದೆ: ಕಸಿಯಲ್ಲಿ ಹಣ್ಣಿನ ರುಚಿ ಟೊಂಗೆಯದು, ಪೌಲನ ಪ್ರಕಾರ ಅದು ಬೇರಿನದು.

ಇಷ್ಟಾದರೂ ‘ಸಂಬಂಧ’, ‘ಅನ್ಯೋನ್ಯತೆ’ ಎಂಬ ಮೆತ್ತನೆಯ ಮಾತುಗಳಿಗಿಂತ ನನಗೆ ‘ಐಕ್ಯ’ವೇ ಬೇಕು. ಕಾರಣ, ನಮ್ಮೂರ ಕಿವಿ ಅದರಲ್ಲಿ ಕೇಳುವ ಸಾವು. ಅದೇ 6ನೆಯ ಅಧ್ಯಾಯದಲ್ಲಿ ಪೌಲ ದೀಕ್ಷಾಸ್ನಾನವನ್ನು ಕ್ರಿಸ್ತನೊಡನೆ ಸಾಯುವುದು, ಅವನೊಡನೆ ಹೂಳಿಸಿಕೊಳ್ಳುವುದು ಎಂದೇ ವಿವರಿಸುತ್ತಾನೆ. ಸತ್ತವರನ್ನು ಸುಡದೆ ಮಣ್ಣಿಗಿಡುವ ಲಿಂಗಾಯತರ ಊರಿಗೆ ಈ ಚಿತ್ರ ಹೊರಗಿನದಲ್ಲ. ಹೊಸದಿರುವುದು ಅದರ ಹೊತ್ತು. ಮಣ್ಣು ಕೊಡುವುದು ಮೊದಲೇ ಮುಗಿದಿದೆ, ಬದುಕು ಈಗ ಶುರು ಎನ್ನುತ್ತಾನೆ ಪೌಲ.

ಕಣ್ಣು ಮುಚ್ಚುವುದರೊಳಗಾದರೂ ಯೋಗ್ಯನಾದೇನೆ ಎಂಬ ಚಿಂತೆಯಲ್ಲಿ ದಿನ ನೂಕಿದವನಿಗೆ ಇದು ಸಣ್ಣ ಮಾತಲ್ಲ. ನಾನೂ ಹಾಗೆ ದಿನ ನೂಕಿದವನೇ.