ಟಿನ್‌ಟಿನ್‌ನ ಚಂದ್ರಯಾತ್ರೆ ಮತ್ತು ನಮ್ಮ ಮಕ್ಕಳು

ಬೆಲ್ಜಿಯಂ ದೇಶದ ಚಿತ್ರಕಾರ ಎರ್ಜೆ ‘ಡೆಸ್ಟಿನೇಷನ್ ಮೂನ್’, ‘ಎಕ್ಸ್‌ಪ್ಲೋರರ್ಸ್ ಆನ್ ದಿ ಮೂನ್’ ಎಂಬ ಜೋಡಿ ಚಿತ್ರಕಥೆಗಳನ್ನು ಪುಸ್ತಕ ರೂಪದಲ್ಲಿ ಹೊರತಂದದ್ದು 1953 ಮತ್ತು 1954ರಲ್ಲಿ. ಸ್ಪುಟ್ನಿಕ್ ಹಾರುವುದಕ್ಕೂ ಮೊದಲು. ಅಹಮದಾಬಾದಿನ ನಮ್ಮ ಮನೆಯಲ್ಲಿ ಅವುಗಳ ರಟ್ಟು ಕಿತ್ತುಹೋಗುವಷ್ಟು ಓದಾಗಿದೆ. ಮಕ್ಕಳಿಗೆ ಬಾಹ್ಯಾಕಾಶದ ಪಾಠ ಹೇಳಲು ಇಂಥ ಸಾಹಸಕಥೆಗಳು ಸಾಕೇ?

ಒಳ್ಳೆಯದನ್ನು ಮೊದಲು ಹೇಳೋಣ. ಎಂಜಿನ್ ನಿಂತೊಡನೆ ರಾಕೆಟ್ಟಿನಲ್ಲಿ ಎಲ್ಲರೂ ತೇಲುತ್ತಾರೆ. ಕ್ಯಾಪ್ಟನ್ ಹ್ಯಾಡಕ್‌ನ ವಿಸ್ಕಿ ಲೋಟದಿಂದ ಉಂಡೆಯಾಗಿ ಹೊರಡುತ್ತದೆ. ಎಂಜಿನ್ ಮತ್ತೆ ನೂಕಿದರೆ ಎಲ್ಲರೂ ಧೊಪ್ಪೆಂದು ಕೆಳಕ್ಕೆ. ಭೂಮಿಯಿಂದ ದೂರವಾದರೆ ಸಾಕು, ತೂಕ ಹೋಗುತ್ತದೆಂದು ದೊಡ್ಡವರೇ ನಂಬಿರುವಾಗ ನಿಜವಾದ ಕಾರಣದ ಸುಳಿವನ್ನು ಕೆಲವೇ ಚಿತ್ರಗಳು ಕೊಡುತ್ತವೆ. ಬಿ.ಎಸ್‌ಸಿ.ಯಲ್ಲಿ ನಾವು ಇದನ್ನು ಬಾಯಿಪಾಠ ಮಾಡಿದ್ದೆವು, ಅಷ್ಟೆ.

ಆದರೆ ಅದೇ ಹ್ಯಾಡಕ್ ಕುಡಿದು ಹೊರಬಿದ್ದು ಅಡೋನಿಸ್ ಎಂಬ ಕ್ಷುದ್ರಗ್ರಹವನ್ನು ಸುತ್ತತೊಡಗುವುದು ಒಪ್ಪತಕ್ಕದ್ದಲ್ಲ. 1936ರಲ್ಲಿ ಕಂಡುಬಂದ ಅಡೋನಿಸ್‌ನ ಅಡ್ಡಳತೆ ಸುಮಾರು ಅರ್ಧ ಕಿಲೋಮೀಟರು. ಅದರ ಮೇಲೆ ಮಗುವೊಂದು ಜೋರಾಗಿ ಜಿಗಿದರೆ ಮರಳಿ ಬೀಳಲಾರದು. ಹಾದುಹೋಗುವವನನ್ನು ಅದು ಹಿಡಿದಿಟ್ಟೀತೇ?

ಇದನ್ನು ಮಗಳಿಗೆ ವಿವರಿಸುವಾಗ ನಮ್ಮ ಪೇಚು ಶುರುವಾಯಿತು. ‘ಗುರುತ್ವಾಕರ್ಷಣೆ’ ತಿಳಿಯಿತು, ಅವಳ ಗುಜರಾತಿ ಶಾಲೆಯಲ್ಲೂ ಹೆಚ್ಚುಕಡಿಮೆ ಅದೇ ಶಬ್ದ. ‘ವೇಗೋತ್ಕರ್ಷ’ ಎಂದೆವು, ಕಣ್ಣುಕಣ್ಣು ಬಿಟ್ಟಳು. “ಪ್ರವೇಗ ಅಂತ ಹೇಳಬಾರದಾ ಅಪ್ಪಾ?” ಎಂದಳು. ಆ ಶಬ್ದ ನಮಗೆ ಹೊಸದು. ಇಂಗ್ಲಿಷ್ ಪುಸ್ತಕವೊಂದನ್ನು ನಡುವೆ ಇಟ್ಟುಕೊಂಡು ತಂದೆ ಒಂದು ಭಾಷೆಯಲ್ಲಿ, ಮಗಳು ಇನ್ನೊಂದರಲ್ಲಿ ಚಂದ್ರನಿಗೆ ಹೋಗಿಬಂದೆವು. ವಡೋದರಾ, ಸೂರತ್‌ಗಳ ಬಂಧುಗಳ ಮನೆಯಲ್ಲೂ ಹೀಗೇ ಇದ್ದೀತು.

ಎರ್ಜೆಯ ಕಥೆಯಲ್ಲಿ ಚಂದ್ರನ ಗವಿಯೊಳಗೆ ಮಂಜುಗಡ್ಡೆಯಿದೆ. 2008ರಲ್ಲಿ ಏರಿದ ಚಂದ್ರಯಾನ-1ರ ಅಮೆರಿಕನ್ ಉಪಕರಣವೊಂದು ಚಂದ್ರನ ನೆಲದಲ್ಲಿ ನೀರಿನಂಶ ಕಂಡ ಸುದ್ದಿ 2009ರಲ್ಲಿ ಬಂತು. ಅದೇ ನೌಕೆಯ ಭೂಚಿತ್ರಣದ ಕ್ಯಾಮೆರಾ ತಯಾರಾದದ್ದು ಇದೇ ಊರಿನ ಬಾಹ್ಯಾಕಾಶ ಉಪಯೋಗ ಕೇಂದ್ರದಲ್ಲಿ! ನಮ್ಮ ಮಗಳಿಗೆ ಟಿನ್‌ಟಿನ್ ಗೊತ್ತು, ಇದು ಗೊತ್ತಿರಲಿಲ್ಲ.

ಉಡುಪಿ ಬಳಿಯ ಅದಮಾರಿನ ಯು. ಆರ್. ರಾಯರು ಇಲ್ಲಿಯ ಭೌತ ಸಂಶೋಧನಾಲಯದಲ್ಲಿ ವಿಕ್ರಮ್ ಸಾರಾಭಾಯಿಯವರ ಶಿಷ್ಯರು. ಮುಂದೆ ಅವರ ಮುಂದಾಳ್ತನದಲ್ಲಿ ಪೀಣ್ಯದ ಷೆಡ್ಡುಗಳಲ್ಲಿ ಆರ್ಯಭಟ ಸಿದ್ಧವಾಗಿ, 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಏರಿತು. ಕೆಲವೇ ದಿನಗಳಲ್ಲಿ ವಿದ್ಯುತ್ ದೋಷದಿಂದ ಪ್ರಯೋಗಗಳು ನಿಂತವು. ಇದೂ ಸಾಹಸವೇ, ಚಿತ್ರ ಬರೆಯಬಲ್ಲ ಕನ್ನಡಿಗರು ಕೈಹಾಕಲಿ, ಆ ದೋಷವನ್ನು ಬಿಡದೆ ಬರೆಯಲಿ. ‘ವೇಗೋತ್ಕರ್ಷ’ಕ್ಕೆ ಇನ್ನೂ ಸುಲಭದ ಮಾತು ಬಲ್ಲವರು ಸಂಘಕ್ಕೆ ಬಂದಾಗ ನಮಗೆ ತಿಳಿಸಬೇಕಾಗಿ ಕೋರಿಕೆ.