ಸೈಲೆನ್ಸರ್ ಎಂಬ ಹೆಸರಿಗಾದರೂ

ತಂಗಿಯ ಮಗ ತನ್ನ ಆಕ್ಟೇವಿಯಾ ಆರ್‌ಎಸ್ ಕಾರಿಗೆ ಬೇರೆ ಸೈಲೆನ್ಸರ್ ಹಾಕಿಸುತ್ತಾನಂತೆ. "ನಿಮಗೇನು ಗೊತ್ತಾಗುತ್ತೆ, ದೊಡ್ಡಮ್ಮ?" ಅಂದ. ಮೂವತ್ತು ವರ್ಷ ಗದ್ದಲದ ತರಗತಿಗಳಲ್ಲಿ ಪಾಠ ಹೇಳಿದವಳಿಗೆ ಸದ್ದಿನ ವಿಮರ್ಶೆ ಬಾರದೇ?

ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೆ ತಯಾರಾದ ಯೆಜ್ಡಿ ಬೈಕಿನ ಸದ್ದು ಅದರ ಸ್ವಂತ ಕಂಠ. ಟರ್ಬೊ ಕಾರಿನ ಕಥೆ ಬೇರೆ. ಹೊರಹೋಗುವ ಹೊಗೆಯೇ ಟರ್ಬೊ ಚಕ್ರವನ್ನು ತಿರುಗಿಸಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುತ್ತದೆ. ಸದ್ದು ಒಂದಿಷ್ಟು ಅಲ್ಲೇ ಅಡಗುತ್ತದೆ. ಚಕ್ರದಾಚೆಯ ಕೊಳವೆ ಅಗಲವಾದರೆ ಟರ್ಬೊ ಬೇಗ ಚುರುಕಾಗುವುದು ನಿಜ. ಆದರೆ ಹಿಂದಿನ ಡಬ್ಬಿ ಮಾತ್ರ ಬದಲಿಸಿದರೆ ಸಿಗುವುದು ಹೆಚ್ಚಾಗಿ ಸದ್ದೇ, ಶಕ್ತಿಯಲ್ಲ. ಹೊಗೆಯನ್ನು ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನೇ ಕಿತ್ತುಹಾಕುವವರೂ ಇದ್ದಾರೆ. ನಮ್ಮ ಕಸವನ್ನು ಪಕ್ಕದವರ ಅಂಗಳಕ್ಕೆ ಗುಡಿಸಿದ ಹಾಗೆ.

ಮೊಬೈಲಿನಲ್ಲಿ ಮೂರು ಕೇಳಿಸಿದ. ಒಂದು ಸುಮ್ಮನೆ ಗುಡುಗುತ್ತದೆ. ಎರಡನೆಯದು ಕಾಲು ತೆಗೆದಾಗಲೆಲ್ಲ ಪಟಾಕಿ ಸಿಡಿಸುತ್ತದೆ. ಮೂರನೆಯದು ಮೆಲ್ಲಗೆ ಗುನುಗಿ, ವೇಗ ಏರಿದಾಗ ಮಾತ್ರ ಬಾಯಿಬಿಡುತ್ತದೆ. ನನ್ನ ಅಂಕ ಅದಕ್ಕೇ.

ಮಹಾಲಕ್ಷ್ಮಿ ಲೇಔಟಿನ ನಮ್ಮ ಅಡ್ಡರಸ್ತೆ ಇಕ್ಕಟ್ಟಿನದು. ವಸತಿ ಪ್ರದೇಶದಲ್ಲಿ ರಾತ್ರಿ 45 ಡೆಸಿಬಲ್ ಮೀರಬಾರದೆಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಎದುರುಮನೆಯ ಬಾಣಂತಿಗೆ ಡೆಸಿಬಲ್ ಲೆಕ್ಕ ಬೇಡ, ನಿದ್ದೆ ಬೇಕು.

ಹುಡುಗನ ಕಣ್ಣು ಇನ್ನೂ ಪಟಾಕಿಯ ಮೇಲೇ ಇದೆ.