ಕಥಿ ಎಲ್ಲಿಗೆ ನಿಂತಿತ್ತು?

ಹದಿನೈದು ದಿನ ನಮ್ಮವ್ವ ಒಂದೇ ಕಥೆಯ ಅದೇ ಅರ್ಧ ತಾಸನ್ನು ಕೇಳಿದಳು. ನನಗೆ ಗೊತ್ತಾಗಿದ್ದು ಹದಿನಾರನೇ ದಿನ.

ಅವ್ವ, ಅಪ್ಪ ಇಳಕಲ್ಲಿನಲ್ಲಿದ್ದಾರೆ. ನಾನು ಬಾಗಲಕೋಟೆಯ ನವನಗರದಲ್ಲಿ, ಅಕ್ಕ ಬಾದಾಮಿಯಲ್ಲಿ, ತಂಗಿ ಹುನಗುಂದದಲ್ಲಿ. ಅವ್ವನಿಗೆ ಎಪ್ಪತ್ತೆರಡು ವರ್ಷ. ಅಡುಗೆ ಮುಗಿಸಿ ಮಧ್ಯಾಹ್ನ ಕಾದಂಬರಿ ಹಿಡಿದು ಕುಂತರೆ ಬಾಗಿಲಿಗೆ ಬಂದವರು ಎರಡು ಸಲ ಕೂಗಬೇಕಿತ್ತು. ಎರಡು ವರ್ಷದ ಹಿಂದೆ ಕಣ್ಣಿನ ನಡುಭಾಗ ಮಸುಕಾಯಿತು. ‘ಅಕ್ಷರದ ಮ್ಯಾಲೆ ಯಾರೋ ಬೆರಳ ಇಟ್ಟಂಗ ಕಾಣತೈತಿ’ ಅಂದಳು. ಚಾಳೀಸಿನಿಂದ ಇದು ಸರಿಹೋಗುವುದಿಲ್ಲ ಎಂದು ಡಾಕ್ಟರು ಹೇಳಿದರು. ತಂಗಿ ಶಾಲೆ ಟೀಚರು. ಓದುವ ದನಿ ಚಲೋ ಇದೆ. ಗಳಗನಾಥರ ‘ಮಾಧವ ಕರುಣಾ ವಿಲಾಸ’ವನ್ನು ದಿನಾ ರಾತ್ರಿ ಫೋನಿನಲ್ಲಿ ಓದಿ ರೆಕಾರ್ಡ್ ಮಾಡಿದಳು. ನಾನು ಬಾಗಲಕೋಟೆಯ ಪೇಟೆಯಲ್ಲಿ ಕಾರ್ಡ್ ಹಾಕುವ ಒಂದು ಸಣ್ಣ ಸ್ಪೀಕರ್ ಕೊಂಡು, ಅದರಲ್ಲಿ ಎಲ್ಲಾ ತುಂಬಿ, ಇಳಕಲ್ಲಿಗೆ ಒಯ್ದು ಕೊಟ್ಟು ಬಂದೆ. ದೊಡ್ಡ ಕೆಲಸ ಮಾಡಿದೆ ಅಂದುಕೊಂಡೆ.

ಹದಿನಾರನೇ ದಿನ ಹೋದಾಗ ಕೇಳಿದೆ: ‘ಅವ್ವಾ, ಕಥಿ ಎಲ್ಲೀತನಕ ಬಂತು?’

‘ಚಲೋ ಐತಪಾ. ತಂಗಿ ಭಾಳ ಚಂದ ಓದ್ಯಾಳ.’

‘ಅದು ಖರೆ, ಎಲ್ಲೀಗೆ ಬಂತು?’

ಅವ್ವ ಸೆರಗು ಸರಿ ಮಾಡಿಕೊಂಡಳು. ‘ಶುರೂದಾಗಿಂದ ಬರತೈತಿ ದಿನಾ. ಅರ್ಧಾ ತಾಸ ಆದಮ್ಯಾಗ ನಿದ್ದಿ ಬರತೈತಿ, ಬಂದ್ ಮಾಡತೀನಿ. ಮರುದಿನ ಹಚ್ಚಿದರ ಮತ್ತ ಶುರೂದಿಂದನ. ಇರಲಿ ಬಿಡು, ನೀ ರೊಕ್ಕಾ ಕೊಟ್ಟು ತಂದೀದಿ.’

ನನ್ನ ರೊಕ್ಕ ದಂಡವಾಯಿತು ಅಂತ ನನಗೆ ಅನಿಸಬಾರದು ಎಂದು ಆಕೆ ಹದಿನೈದು ದಿನ ಒಂದೇ ಪೀಠಿಕೆ ಕೇಳಿದ್ದಳು. ಈ ಬರಹ ಹುಟ್ಟಿದ್ದು ಅಲ್ಲಿಂದ. ಪುಸ್ತಕದ ವಿಮರ್ಶೆ ಮಾಡುವವರು ಬಹಳ ಮಂದಿ ಇದ್ದಾರೆ. ಪುಸ್ತಕ ಕೇಳಿಸುವ ಡಬ್ಬಿಯ ವಿಮರ್ಶೆಯನ್ನೂ ಯಾರಾದರೂ ಮಾಡಬೇಕಲ್ಲ?

ತಪ್ಪು ಏನು ಅಂತ ಮೊದಲು ನೋಡೋಣ. ತಂಗಿ ಒಂದೊಂದು ಫೈಲನ್ನು ಎರಡೆರಡು ತಾಸು ಓದಿದ್ದಳು. ನಾನು ತಂದ ಸ್ಪೀಕರಿಗೆ, ಬಂದ್ ಮಾಡಿ ಮತ್ತೆ ಹಚ್ಚಿದಾಗ, ಯಾವ ಫೈಲು ಅನ್ನುವುದಷ್ಟೇ ನೆನಪಿರುತ್ತಿತ್ತು; ಫೈಲಿನ ಒಳಗೆ ಎಷ್ಟನೇ ನಿಮಿಷ ಅನ್ನುವುದು ಇರುತ್ತಿರಲಿಲ್ಲ. ಹಾಡಿಗೆ ಇದು ತೊಂದರೆಯಲ್ಲ. ನಾಲ್ಕು ನಿಮಿಷದ ಹಾಡು ಮತ್ತೆ ಮೊದಲಿಂದ ಬಂದರೆ ಯಾರೂ ಬೇಡ ಅನ್ನುವುದಿಲ್ಲ, ಪಲ್ಲವಿ ಇನ್ನೊಮ್ಮೆ ಕೇಳಿದಂತಾಯಿತು. ಹನ್ನೆರಡು ತಾಸಿನ ಕಾದಂಬರಿಗೆ ಇದೇ ಗುಣ ಮುಳುವಾಗುತ್ತದೆ. ಪೇಟೆಯಲ್ಲಿ ಸಿಗುವ ಹೆಚ್ಚಿನ ಡಬ್ಬಿಗಳನ್ನು ಮಾಡಿದವರ ತಲೆಯಲ್ಲಿ ಇರುವುದು ಹಾಡು. ಕಥೆ ಕೇಳುವವರು ಇದ್ದಾರೆ ಅನ್ನುವ ಲೆಕ್ಕವೇ ಅವರಿಗಿಲ್ಲ. ಇದು ನನ್ನ ಮೊದಲ ತಕರಾರು.

ಹಳೇ ಕ್ಯಾಸೆಟ್ಟಿಗೆ ಈ ರೋಗ ಇರಲಿಲ್ಲ, ನೆನಪಿದೆಯೇನ್ರಿ? ಗುರುರಾಜುಲು ನಾಯ್ಡು ಅವರ ಹರಿಕಥೆ ಕ್ಯಾಸೆಟ್ಟುಗಳನ್ನು ನಮ್ಮ ಓಣಿಯಲ್ಲಿ ಮನೆಯಿಂದ ಮನೆಗೆ ಒಯ್ದು ಕೇಳುತ್ತಿದ್ದೆವು. ಕರೆಂಟು ಹೋದರೆ ಕಥೆ ಅಲ್ಲೇ ನಿಲ್ಲುತ್ತಿತ್ತು, ಬಂದರೆ ಅಲ್ಲಿಂದಲೇ ಮುಂದುವರಿಯುತ್ತಿತ್ತು. ಅರ್ಧ ಕೇಳಿದ ಕ್ಯಾಸೆಟ್ಟನ್ನು ತೆಗೆದು ಅತ್ತಿ ಮನೆಯ ಟೇಪಿಗೆ ಹಾಕಿದರೂ ಉಳಿದರ್ಧ ಅಲ್ಲಿ ಬರುತ್ತಿತ್ತು. ನಿಂತ ಜಾಗದ ನೆನಪು ಇದ್ದದ್ದು ಸುತ್ತಿಕೊಂಡ ಟೇಪಿನಲ್ಲಿ, ಯಂತ್ರದಲ್ಲಲ್ಲ. ಈಗ ಆ ನೆನಪನ್ನು ಯಂತ್ರಕ್ಕೆ ಒಪ್ಪಿಸಿದ್ದೇವೆ, ಯಂತ್ರ ಮರೆಯುತ್ತದೆ. ನಲವತ್ತು ವರ್ಷದ ಹಿಂದೆ ಅವ್ವನ ಕೈಯಲ್ಲಿದ್ದ ಒಂದು ಅನುಕೂಲವನ್ನು ಹೊಸದರ ಹೆಸರಿನಲ್ಲಿ ನಾವೇ ಕಸಗೊಂಡೆವು.

ಅದಾದ ಮೇಲೆ ನಾನು ನಾಲ್ಕು ತಿಂಗಳು ಡಬ್ಬಿ ಹುಡುಕುವ ಕೆಲಸವನ್ನೇ ಮಾಡಿದೆ. ಕಂಡದ್ದು ಇಷ್ಟು.

ಮೊದಲಿಗೆ ಸ್ಮಾರ್ಟ್‌ಫೋನು. ಕನ್ನಡದ ಕೇಳುಪುಸ್ತಕಗಳು ಈಗ ಆ್ಯಪುಗಳಲ್ಲಿ ಸಿಗುತ್ತವೆ; ಮೈಲ್ಯಾಂಗ್, ಸ್ಟೋರಿಟೆಲ್ ಥರದವು ಇವೆ. ನಿಂತ ಜಾಗವನ್ನು ಫೋನು ಚೆನ್ನಾಗಿ ನೆನಪಿಡುತ್ತದೆ. ಓದುವ ವೇಗ ಕಡಿಮೆ ಮಾಡಬಹುದು, ಅರ್ಧ ತಾಸಿಗೆ ತಾನೇ ಬಂದಾಗುವಂತೆ ಇಡಬಹುದು. ಕಣ್ಣು ನೆಟ್ಟಗಿದ್ದವರಿಗೆ ಇದಕ್ಕಿಂತ ಚಲೋದು ಬೇಕಿಲ್ಲ. ಅವ್ವನಿಗೆ ಆಗಲಿಲ್ಲ. ನುಣ್ಣನೆ ಗಾಜಿನ ಮೇಲೆ ಬೆರಳಿಗೆ ಏನೂ ಸಿಗುವುದಿಲ್ಲ. ಒತ್ತಿದ್ದು ಹತ್ತಿತೋ ಇಲ್ಲವೋ ಅನ್ನುವುದು ಕಣ್ಣಿಗೇ ಗೊತ್ತಾಗಬೇಕು. ಕಥೆಯ ನಡುವೆ ಸಾಲ ಬೇಕೇನ್ರಿ ಅಂತ ಯಾರೋ ಫೋನ್ ಹಚ್ಚುತ್ತಾರೆ. ಇನ್ನೊಂದು ಮಾತು: ಚಂದಾ ಕಟ್ಟಿ ಕೇಳುವ ಪುಸ್ತಕ ಆ್ಯಪಿನೊಳಗೇ ಇರುತ್ತದೆ. ಅದನ್ನು ಕಾರ್ಡಿಗೆ ಹಾಕಿ ಅವ್ವನ ಡಬ್ಬಿಗೆ ಕೊಡಲು ಬರುವುದಿಲ್ಲ. ಕೊಂಡ ಪುಸ್ತಕವನ್ನು ಅಕ್ಕ ಓದಿ ತಂಗಿಗೆ ಕೊಡುವ ಮನೆಯಲ್ಲಿ ಬೆಳೆದ ನನಗೆ ಇದು ಇನ್ನೂ ಒಗ್ಗಿಲ್ಲ.

ಎರಡನೆಯದು ಹಾಡು ತುಂಬಿಯೇ ಬರುವ ರೇಡಿಯೋ ಥರದ ಪೆಟ್ಟಿಗೆ. ಸಾರೆಗಾಮ ಕಂಪನಿ 2017ರಲ್ಲಿ ಕಾರವಾನ್ ತಂದಾಗ ಅದರೊಳಗೆ ಐದು ಸಾವಿರ ಹಳೇ ಹಿಂದಿ ಹಾಡುಗಳಿದ್ದವು. ಆಮೇಲೆ ಕನ್ನಡದ್ದೂ ಬಂತು. ವಯಸ್ಸಾದವರ ಕೈಯನ್ನು ಅರ್ಥ ಮಾಡಿಕೊಂಡ ವಸ್ತು ಅದು. ತಿರುಗಿಸುವ ಗುಂಡಿ ಇದೆ, ಒತ್ತಿದರೆ ಒತ್ತಿದ ಹಾಗೆ ಬೆರಳಿಗೆ ತಿಳಿಯುತ್ತದೆ. ಆದರೆ ಅದೂ ಹಾಡಿನ ಮನೆಯೇ. ನಮ್ಮ ಕಥೆ ಅಲ್ಲಿಗೆ ಹೋದರೆ ಪೆನ್‌ಡ್ರೈವಿನಲ್ಲಿ ಬಂದ ಬೀಗ ಇದ್ದಂತೆ: ಮೂಲೆಯಲ್ಲಿ ಕುಂತು ಹೋಗಬೇಕು.

ಮೂರನೆಯದು ಬಾದಾಮಿ ಬನಶಂಕರಿ ಜಾತ್ರೆಯಿಂದ ಹಿಡಿದು ಹುನಗುಂದದ ಬಸ್‌ಸ್ಟ್ಯಾಂಡಿನ ತನಕ ಎಲ್ಲೆಡೆ ಸಿಗುವ ಅಗ್ಗದ ಸ್ಪೀಕರ್. ಎಫ್ಎಂ, ಬ್ಲೂಟೂತ್, ಕಾರ್ಡು, ಪೆನ್‌ಡ್ರೈವು, ಬಣ್ಣದ ದೀಪ ಎಲ್ಲಾ ಒಂದರಲ್ಲೇ. ಹಚ್ಚಿದ ಕೂಡಲೇ ಒಬ್ಬ ಹೆಣ್ಣುಮಗಳು ಜೋರು ದನಿಯಲ್ಲಿ ಇಂಗ್ಲಿಷಿನಲ್ಲಿ ಏನೋ ಒದರುತ್ತಾಳೆ. ‘ಯಾರಪಾ ಈಕಿ? ದಿನಾ ಬೈಯತಾಳಲ್ಲ’ ಅಂತ ಅವ್ವ ಕೇಳಿದ್ದು ಇದನ್ನೇ. ಇವುಗಳ ದೊಡ್ಡ ದೋಷ ಬಾಸು. ಗುಡುಗಿನಂಥ ಧಡ್ ಧಡ್ ಮಾರಾಟಕ್ಕೆ ಚಲೋ. ಮಾತಿಗೆ ಅದು ಮಣ್ಣು ಮುಚ್ಚಿದ ಹಾಗೆ. ಮಾತು ತಿಳಿಯುವುದು ‘ಸ’, ‘ಶ’, ‘ತ’, ‘ಕ’ಗಳ ಸಣ್ಣ ಸಪ್ಪಳದಿಂದ. ಅವು ಮುಚ್ಚಿಹೋದರೆ ದನಿ ದೊಡ್ಡದಾಗಿ ಕೇಳಿದರೂ ಮಾತು ಕೇಳುವುದಿಲ್ಲ.

ನಾಲ್ಕನೆಯದು ಬೆರಳಷ್ಟು ಗಾತ್ರದ ಎಂಪಿತ್ರೀ ಪ್ಲೇಯರು. ಸ್ಯಾನ್‌ಡಿಸ್ಕ್ ಕಂಪನಿಯ ಹಳೇ ಕ್ಲಿಪ್ ಪ್ಲೇಯರುಗಳಲ್ಲಿ ಕೇಳುಪುಸ್ತಕಕ್ಕೇ ಬೇರೆ ಫೋಲ್ಡರ್ ಇರುತ್ತಿತ್ತು. ಅದರಲ್ಲಿ ಹಾಕಿದ್ದನ್ನು ನಿಂತಲ್ಲಿಂದ ಮುಂದುವರಿಸುತ್ತಿತ್ತು. ಅಂದರೆ ಇದು ಆಗದ ಕೆಲಸವಲ್ಲ, ಮಾಡುವ ಮನಸ್ಸಿನ ಮಾತು. 2001ರಲ್ಲಿ ಶುರುವಾದ ಐಪಾಡನ್ನೇ 2022ರಲ್ಲಿ ನಿಲ್ಲಿಸಿದರು. ಫೋನಿದ್ದ ಮೇಲೆ ಬೇರೆ ಪ್ಲೇಯರ್ ಯಾಕೆ ಅನ್ನುವ ಕಾಲ ಇದು. ಈಗ ಸಿಗುವ ಅಗ್ಗದವುಗಳಲ್ಲಿ ಬಟನ್ನು ಸಾಸಿವೆ ಕಾಳಿನಷ್ಟು, ಅಕ್ಷರ ಅದಕ್ಕಿಂತ ಸಣ್ಣದು. ಕನ್ನಡದಲ್ಲಿ ಹೆಸರು ಕೊಟ್ಟರೆ ಹಲವು ಯಂತ್ರಗಳು ಬರೀ ಚೌಕ ಚೌಕ ತೋರಿಸುತ್ತವೆ.

ಐದನೆಯದನ್ನು ನಮ್ಮ ಪೇಟೆಗಳಲ್ಲಿ ನಾನು ಕಾಣಲಿಲ್ಲ, ಆದರೆ ವಿಮರ್ಶಕನಾಗಿ ನಾನು ಹೆಚ್ಚು ಅಂಕ ಕೊಡುವುದು ಅದಕ್ಕೇ. ಅಂಧರಿಗಾಗಿ ಮಾಡಿದ ಡೈಸಿ ಪ್ಲೇಯರು. ದೊಡ್ಡ ಬಟನ್ನು, ಒಂದೊಂದಕ್ಕೆ ಒಂದೊಂದು ಆಕಾರ; ಒಂದೊಂದು ಪುಸ್ತಕಕ್ಕೂ ನಿಂತ ಜಾಗ ಬೇರೆ ಬೇರೆಯಾಗಿ ನೆನಪಿರುತ್ತದೆ. ಬೆಲೆ ಮಾತ್ರ ಸಾದಾ ಸ್ಪೀಕರಿನ ಹತ್ತಿರವೂ ಇಲ್ಲ. ಓದಲು ಆಗದವರಿಗಾಗಿ 2016ರಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯವಿದೆ. ಬೆಂಗಳೂರಿನ ಮಿತ್ರ ಜ್ಯೋತಿಯಂಥ ಸಂಸ್ಥೆಗಳು ಮಾತನಾಡುವ ಪುಸ್ತಕ ಮಾಡುತ್ತವೆ. ಕಣ್ಣು ಮಂಜಾದ ತಂದೆ ತಾಯಿ ಇರುವವರು ಇವನ್ನು ವಿಚಾರಿಸಬೇಕು. ಇಲ್ಲಿ ನನಗೆ ಹೊಳೆದದ್ದು ಒಂದು: ಅಂಧರಿಗಾಗಿ ಯೋಚಿಸಿ ಮಾಡಿದ್ದು ಎಲ್ಲರಿಗೂ ಚಲೋ ಆಗುತ್ತದೆ. ರಾತ್ರಿ ದೀಪ ಆರಿಸಿ ಕಥೆ ಕೇಳುವ ಅಕ್ಕನ ಮಕ್ಕಳಿಗೆ ಬೇಕಾದದ್ದೂ ಕತ್ತಲಲ್ಲಿ ಬೆರಳಿಗೆ ತಿಳಿಯುವ ಬಟನ್ನೇ ಅಲ್ಲವೇ?

ಅಪ್ಪನ ಮಾತು ಬೇರೆ. ಅವನದು ಕುಣಿ ಮಗ್ಗ. ಕೈ ಕಾಲು ಎರಡೂ ಕೆಲಸದಲ್ಲಿ, ಕಿವಿ ಮಾತ್ರ ಖಾಲಿ. ನೇಯುವವರಷ್ಟು ಹೊತ್ತು ಕಥೆ ಕೇಳಲು ಪುರಸೊತ್ತಿರುವ ಮಂದಿ ಯಾರಿದ್ದಾರೆ? ಆದರೆ ಮಗ್ಗದ ಖಟ್ ಖಟ್ ನಡುವೆ ಸ್ಪೀಕರ್ ಕೇಳದು, ಎರಡೂ ಕಿವಿ ಮುಚ್ಚಿದರೆ ಲಾಳಿಯ ಸಪ್ಪಳ ತಿಳಿಯದು. ಅವನಿಗೆ ಬೇಕಾದದ್ದು ಒಂದು ಕಿವಿಯ ವೈರು. ಈಗಿನ ಎಷ್ಟೋ ಯಂತ್ರಗಳಲ್ಲಿ ವೈರು ಚುಚ್ಚುವ ತೂತೇ ಇಲ್ಲ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆ ಎಳೆಗೆ ಕೊಂಡಿ ಹಾಕಿ ಕೂಡಿಸುತ್ತಾರೆ. ಅವ್ವನ ಸಂಗತಿ ಕೇಳಿ ಅಪ್ಪ ಅಂದದ್ದು ಅಷ್ಟೇ: ‘ನಿನ್ನಿಂದಕ್ಕ ಇವತ್ತಿಂದು ಕೊಂಡಿ ಬೀಳವಲ್ದು ನಿನ್ನ ಡಬ್ಬ್ಯಾಗ.’

ಕಡೆಗೆ ದಾರಿ ಸಿಕ್ಕಿತು. ಡಬ್ಬಿ ಬದಲಾಗದಿದ್ದರೆ ಪುಸ್ತಕವನ್ನು ಬದಲಿಸಬೇಕು. ತಂಗಿಯ ಓದನ್ನು ಹತ್ತು ಹತ್ತು ನಿಮಿಷಕ್ಕೆ ತುಂಡು ಮಾಡಿದೆ. ಹನ್ನೆರಡು ತಾಸಿಗೆ ಎಪ್ಪತ್ತೆರಡು ತುಂಡು. ಈಗ ಯಂತ್ರ ತುಂಡಿನ ನಂಬರು ನೆನಪಿಟ್ಟರೆ ಸಾಕು. ಮರೆತರೂ ಹೋಗುವುದು ಹೆಚ್ಚೆಂದರೆ ಹತ್ತು ನಿಮಿಷ. ಹೆಸರು ಕೊಡುವಾಗ 01, 02 ಅಂತ ಸೊನ್ನೆ ಹಚ್ಚಿರಿ, ಇಲ್ಲದಿದ್ದರೆ ಒಂದರ ಬೆನ್ನಿಗೆ ಹತ್ತು ಬರುತ್ತದೆ. ಕೆಲವು ಯಂತ್ರಗಳು ಹೆಸರನ್ನೂ ನೋಡುವುದಿಲ್ಲ, ಕಾರ್ಡಿಗೆ ಹಾಕಿದ ಸಾಲಿನಲ್ಲೇ ನುಡಿಸುತ್ತವೆ. ಅದಕ್ಕೇ ಖಾಲಿ ಕಾರ್ಡಿಗೆ ಒಂದೊಂದಾಗಿ ಸಾಲಾಗಿ ಹಾಕಬೇಕು. ಫೈಲು ಎಂಪಿತ್ರೀ ಇರಲಿ. ಒಬ್ಬರ ಮಾತಿಗೆ ಮೋನೋ, 64 ಕೆಬಿಪಿಎಸ್ ಸಾಕು. ತಾಸಿಗೆ ಸುಮಾರು 29 ಎಂಬಿ ಆಗುತ್ತದೆ. 32 ಜಿಬಿ ಕಾರ್ಡಿನಲ್ಲಿ ಸಾವಿರ ತಾಸಿಗೂ ಮಿಕ್ಕಿ ಹಿಡಿಯುತ್ತದೆ. ದಿನಕ್ಕೊಂದು ತಾಸಿನಂತೆ ಮೂರು ವರ್ಷದ ಕಥೆ. ಇದಕ್ಕಿಂತ ದೊಡ್ಡ ಕಾರ್ಡನ್ನು ಅಗ್ಗದ ಯಂತ್ರಗಳು ಎಷ್ಟೋ ಸಲ ಓದುವುದಿಲ್ಲ, ಆಸೆಬಿದ್ದು ತರಬೇಡಿರಿ. ಮನೆಯಲ್ಲಿ ಮೂವರು ಕೇಳುಗರಿದ್ದರೆ ಮೂರು ಕಾರ್ಡು ಮಾಡಿರಿ. ಒಬ್ಬರ ಕಥೆಯೊಳಗೆ ಇನ್ನೊಬ್ಬರ ಕಥೆ ಸಿಗೆಬೀಳುವುದಿಲ್ಲ.

ಓದಿ ರೆಕಾರ್ಡ್ ಮಾಡುವುದು ತಪ್ಪಲ್ಲವೇ ಅಂತ ಒಬ್ಬರು ಕೇಳಿದರು. ಲೇಖಕರು ತೀರಿಕೊಂಡು ಅರವತ್ತು ವರ್ಷ ದಾಟಿದರೆ ಹಕ್ಕಿನ ತೊಡಕಿಲ್ಲ; ಗಳಗನಾಥರು ಹೋದದ್ದು 1942ರಲ್ಲಿ. ಊರೂರು ತಿರುಗಿ ತಮ್ಮ ಪುಸ್ತಕವನ್ನು ತಾವೇ ಹೊತ್ತು ಮಾರಿದ ಮನುಷ್ಯ ಇದಕ್ಕೆ ಬೇಡ ಅನ್ನುತ್ತಿರಲಿಲ್ಲ ಅಂತ ನನ್ನ ನಂಬಿಕೆ. ಹೊಸ ಪುಸ್ತಕಗಳ ಮಾತಿಗೆ ಬಂದರೆ, 2012ರ ತಿದ್ದುಪಡಿಯ ನಂತರ ನಮ್ಮ ಕಾಪಿರೈಟ್ ಕಾಯ್ದೆಯು ಅಂಗವೈಕಲ್ಯದಿಂದ ಓದಲಾಗದವರಿಗೆ ಪುಸ್ತಕವನ್ನು ಅವರಿಗೆ ಒಗ್ಗುವ ರೂಪಕ್ಕೆ ತರಲು ಅವಕಾಶ ಕೊಟ್ಟಿದೆ. ಅದನ್ನು ಊರಿಗೆಲ್ಲ ಹಂಚುವ ಪರವಾನಗಿ ಅಂತ ಮಾತ್ರ ತಿಳಿಯಬಾರದು.

ಉಳಿದ ತಕರಾರು ಒಂದಿದೆ, ಅದು ಡಬ್ಬಿಯದಲ್ಲ. ನಾನು ಆ್ಯಪಿನಲ್ಲಿ ಕೇಳಿಸಿದ ಕೆಲವು ಕಥೆಗಳಿಗೆ ಅವ್ವ ‘ಓದೋದು ಚಲೋ ಐತಿ, ಖರೆ ಸುದ್ದಿ ಓದಿದಂಗ ಐತಿ’ ಅಂದಳು. ತಂಗಿಯ ಓದಿನಲ್ಲಿ ಹುನಗುಂದದ ಎಳೆತ ಇದೆ, ಹಿಂದೆ ಕುಕ್ಕರ್ ಸೀಟಿ ಹೊಡೆಯುತ್ತದೆ, ಒಂದು ಕಡೆ ಆಕೆಯ ಮಗ ನೀರು ಕೇಳುತ್ತಾನೆ. ಅವ್ವನಿಗೆ ಅದೇ ಬೇಕು. ಬೀಸುಕಲ್ಲಿನ ಮುಂದೆ ತ್ರಿಪದಿ ಹಾಡಿದ ನಾಡು ನಮ್ಮದು. ಬಾದಾಮಿಯ ಬಂಡೆಯ ಮೇಲೆ ಸುಮಾರು 700ರ ಹೊತ್ತಿಗೇ ಕಪ್ಪೆ ಅರಭಟ್ಟನ ಶಾಸನದಲ್ಲಿ ತ್ರಿಪದಿ ಕೆತ್ತಿದ್ದಾರೆ. ಇಷ್ಟು ಹಳೇ ಕಿವಿ ಇರುವ ಸೀಮೆಯ ಮಾತಿನ ದನಿಯಲ್ಲಿ ಓದಿದ ಕೇಳುಪುಸ್ತಕಗಳು ಇನ್ನೂ ಹೆಚ್ಚು ಬರಬೇಕು.

ಕೊಳ್ಳಲು ಹೋಗುವವರಿಗೆ ಇಷ್ಟು ಹೇಳಿ ಮುಗಿಸುತ್ತೇನೆ. ಅಂಗಡಿಗೆ ನಿಮ್ಮ ಕಾರ್ಡನ್ನು ನೀವೇ ಒಯ್ಯಿರಿ, ಅದರಲ್ಲಿ ಒಂದು ಕಥೆ ಇರಲಿ. ಮೂರನೇ ತುಂಡನ್ನು ಹಚ್ಚಿ, ಎರಡು ನಿಮಿಷ ಕೇಳಿ, ಬಂದ್ ಮಾಡಿರಿ. ಒಂದು ಚಹಾ ಕುಡಿದು ಬಂದು ಮತ್ತೆ ಹಚ್ಚಿರಿ. ಕಾರ್ಡು ತೆಗೆದು ಹಾಕಿ ನೋಡಿರಿ, ಎಫ್ಎಂಗೆ ಹೋಗಿ ವಾಪಸ್ ಬನ್ನಿರಿ. ಕಣ್ಣು ಮುಚ್ಚಿ ಬಟನ್ನು ಹುಡುಕಿರಿ. ದನಿ ಸಣ್ಣ ಮಾಡಿ ಮಾತು ತಿಳಿಯುತ್ತದೆಯೇ ನೋಡಿರಿ. ಅಂಗಡಿಯವನು ‘ಬಾಸ್ ಕೇಳ್ರಿ ಸರ್’ ಅಂದೇ ಅನ್ನುತ್ತಾನೆ. ‘ಬಾಸ್ ಇರಲಿ ಬಿಡ್ರಿ, ಕಥಿ ಎಲ್ಲಿಗೆ ನಿಂತಿತ್ತು ಅನ್ನೋದು ಇದಕ್ಕ ನೆನಪೈತೇನು?’ ಅಂತ ಕೇಳಿರಿ.

ಹೋದ ವಾರ ಅವ್ವ ತಾನೇ ಫೋನ್ ಮಾಡಿದ್ದಳು. ‘ಮೂವತ್ತೆಂಟು ಮುಗೀತು’ ಅಂದಳು. ಕಥೆ ಹೇಗಿದೆ ಅಂತ ನಾನು ಕೇಳುವ ಮೊದಲೇ ಇಟ್ಟುಬಿಟ್ಟಳು, ಮೂವತ್ತೊಂಬತ್ತು ಶುರುವಾಗಿತ್ತಂತೆ.